ಸ್ನೆಲ್, ಕೋ, ರುಡಿಶಾ: ಯಾರು ದೊಡ್ಡವರು ಅಂತ ನಾನು ಅಳೆಯುವ ರೀತಿ

800 ಮೀಟರ್ ಓಟದ ವಿಶ್ವದಾಖಲೆ ಕೀನ್ಯಾದ ಡೇವಿಡ್ ರುಡಿಶಾ ಅವರದು. 2012ರ ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ 1 ನಿಮಿಷ 40.91 ಸೆಕೆಂಡ್. ನ್ಯೂಜಿಲೆಂಡಿನ ಪೀಟರ್ ಸ್ನೆಲ್ 1962ರಲ್ಲಿ ವಿಶ್ವದಾಖಲೆ ಮಾಡಿದಾಗ ಅವರ ಟೈಮ್ 1:44.3. ಎರಡನ್ನೂ ಪಕ್ಕಪಕ್ಕ ಬರೆದರೆ ಮಾತು ಅಲ್ಲಿಗೇ ಮುಗಿಯಿತು, ಅಲ್ವಾ?

ನಾನು ಮಂಡ್ಯದಲ್ಲಿ ಹೈಸ್ಕೂಲು ಮಕ್ಕಳಿಗೆ 800 ಮತ್ತು 1500 ಮೀಟರ್ ಓಟ ಕಲಿಸುತ್ತೇನೆ. ನನ್ನ ಹುಡುಗರು ಮೊಬೈಲಿನಲ್ಲಿ ಹಳೆಯ ರೇಸುಗಳನ್ನು ನೋಡಿಕೊಂಡು ಬಂದು, "ಸಾರ್, ಸ್ನೆಲ್ ಈಗ ಓಡಿದ್ರೆ ಒಲಿಂಪಿಕ್ಸ್ ಫೈನಲ್ಲಿಗೂ ಬರಲ್ಲ" ಅನ್ನುತ್ತಾರೆ. ಅವರು ಹೇಳುವ ಅಂಕಿ ಸರಿಯಾಗಿಯೇ ಇದೆ. ಆದರೆ ಆ ಅಂಕಿಯಿಂದ ಸ್ನೆಲ್ ಎಂಥ ಓಟಗಾರ ಅನ್ನುವುದು ಗೊತ್ತಾಗುವುದಿಲ್ಲ. ಅದನ್ನು ಹೇಗೆ ತಿಳಿಯುವುದು ಅಂತ ಹುಡುಕುತ್ತಾ ಹೋಗಿ ನಾನೊಂದು ಪದ್ಧತಿ ಮಾಡಿಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವುದು ನೆಲದಿಂದ. ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅವರು ದಿನಾ ಓಡುವುದು ಮಣ್ಣಿನ ಟ್ರ್ಯಾಕಿನಲ್ಲಿ. ಮಳೆ ಬಂದ ಮಾರನೇ ದಿನ ಕಾಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮೇಲಿನ ಪುಡಿ ಮಣ್ಣು ಜಾರುತ್ತದೆ, ಬೆಂಡಿನಲ್ಲಿ ಒದ್ದ ಬಲ ಅರ್ಧ ಅಲ್ಲೇ ಉಳಿಯುತ್ತದೆ. ಇದೇ ಮಕ್ಕಳನ್ನು ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿಗೆ ಕರೆದುಕೊಂಡು ಹೋದರೆ ಅದೇ ದಮ್ಮಿನಲ್ಲಿ ಬೇಗ ಓಡುತ್ತಾರೆ. ಎಲ್ಲರಿಗೂ ಒಂದೇ ಸಮ ಲಾಭ ಆಗುವುದಿಲ್ಲ ಅನ್ನುವುದನ್ನೂ ಗಮನಿಸಿದ್ದೇನೆ. ಹಗುರವಾಗಿ ಹೆಜ್ಜೆ ಇಡುವ ಹುಡುಗಿಗೆ ಸ್ವಲ್ಪ ಲಾಭ. ನೆಲವನ್ನು ಜೋರಾಗಿ ಒದ್ದು ಓಡುವ ಹುಡುಗನಿಗೆ ಜಾಸ್ತಿ. ಅದಕ್ಕೇ, ಹಳಬರ ಟೈಮಿನಿಂದ ಇಷ್ಟು ಸೆಕೆಂಡ್ ಕಳೆಯಿರಿ ಅನ್ನುವ ಸಿದ್ಧ ಲೆಕ್ಕವನ್ನು ನಾನು ಬಳಸುವುದಿಲ್ಲ.

ಒಲಿಂಪಿಕ್ಸ್‌ಗೆ ಸಿಂಥೆಟಿಕ್ ಟ್ರ್ಯಾಕ್ ಬಂದದ್ದು 1968ರಲ್ಲಿ, ಮೆಕ್ಸಿಕೊ ನಗರದಲ್ಲಿ. ಅದಕ್ಕೂ ಮೊದಲು ಕಲ್ಲಿದ್ದಲಿನ ಕಿಟ್ಟ ಹಾಸಿದ ಸಿಂಡರ್ ಟ್ರ್ಯಾಕುಗಳಿದ್ದವು. ಸ್ನೆಲ್‌ಗೆ ಅದೂ ಇರಲಿಲ್ಲ. ಕ್ರೈಸ್ಟ್‌ಚರ್ಚ್‌ನ ಲ್ಯಾಂಕಾಸ್ಟರ್ ಪಾರ್ಕಿನಲ್ಲಿ ಅವರು 1:44.3 ಓಡಿದ್ದು ಹುಲ್ಲಿನ ಮೇಲೆ! ಅದಕ್ಕೆ ಒಂದು ವಾರ ಮೊದಲು ವಾಂಗನೂಯಿಯಲ್ಲಿ, ಅದೂ ಹುಲ್ಲಿನ ಮೇಲೆಯೇ, ಮೈಲಿ ಓಟದ ವಿಶ್ವದಾಖಲೆ ಮಾಡಿದ್ದರು, 3:54.4. ಇದನ್ನು ಹೇಳಿದಾಗ ಮಕ್ಕಳ ಮುಖ ಬದಲಾಗುತ್ತದೆ. ಹುಲ್ಲಿನ ಮೇಲೆ ಓಡುವುದು ಅಂದರೆ ಏನು ಅಂತ ಅವರಿಗೆ ಗೊತ್ತು.

ಇನ್ನು ವಾಚಿನ ವಿಷಯ. ಆಗಿನ ಟೈಮುಗಳು ಕೈಯಲ್ಲಿ ಒತ್ತಿದ ಸ್ಟಾಪ್‌ವಾಚಿನವು. ನಮ್ಮ ತಾಲ್ಲೂಕು ಕ್ರೀಡಾಕೂಟದಲ್ಲಿ ಓಟ ಶುರು ಮಾಡಲು ಬಡಿಯುವ ಜೋಡಿ ಹಲಗೆಯ, ಅಂದರೆ ಕ್ಲ್ಯಾಪರ್‌ನ, ಸದ್ದು ಕೇಳಿ ವಾಚು ಒತ್ತುವವನಿಗೂ, ಹಲಗೆ ಕೂಡುವುದನ್ನು ಕಣ್ಣಲ್ಲಿ ನೋಡಿ ಒತ್ತುವವನಿಗೂ ವ್ಯತ್ಯಾಸ ಬಂದೇ ಬರುತ್ತದೆ. ನೂರು ಮೀಟರಿನಲ್ಲಿ ಇದು ದೊಡ್ಡ ವಿಷಯ. 800ರಲ್ಲಿ ಅಷ್ಟಿಲ್ಲ. ಹಾಗಾಗಿ ಇದರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ನನ್ನ ಪದ್ಧತಿಯ ಮುಖ್ಯ ಭಾಗ ಈಗ ಬರುತ್ತದೆ. ನಾನು ಸೆಕೆಂಡನ್ನು ಮೀಟರಿಗೆ ತಿರುಗಿಸುತ್ತೇನೆ. ಹೊಸ ದಾಖಲೆ ಮಾಡಿದವನು ಫಿನಿಶ್ ಗೆರೆ ಮುಟ್ಟಿದ ಗಳಿಗೆಯಲ್ಲಿ, ಹಳೆಯ ದಾಖಲೆಯ ವೇಗದಲ್ಲಿ ಬಂದವನು ಎಷ್ಟು ಹಿಂದೆ ಇರುತ್ತಿದ್ದ? ಲೆಕ್ಕ ಸುಲಭ. 800 ಮೀಟರನ್ನು ಹಳೆಯ ದಾಖಲೆಯ ಒಟ್ಟು ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತದೆ. ದೊಡ್ಡ ಓಟಗಾರರಿಗೆ ಅದು ಏಳರಿಂದ ಎಂಟರೊಳಗೆ. ಅದನ್ನು ಟೈಮಿನ ಅಂತರದಿಂದ ಗುಣಿಸಬೇಕು. ಬಂದ ಉತ್ತರವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದು ಸುಮ್ನೆ ಬಿಡುವುದಿಲ್ಲ. ಬೆಳಿಗ್ಗೆ ಪ್ರಾಕ್ಟೀಸ್ ಮುಗಿದ ಮೇಲೆ ಫಿನಿಶ್ ಗೆರೆಯಿಂದ ಹಿಂದಕ್ಕೆ ಟೇಪು ಹಿಡಿದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಒಂದೊಂದು ಗೆರೆ ಮೇಲೂ ಒಬ್ಬೊಬ್ಬ ಮಗುವನ್ನು ನಿಲ್ಲಿಸುತ್ತೇನೆ.

ಜರ್ಮನಿಯ ರುಡಾಲ್ಫ್ ಹಾರ್ಬಿಗ್ ಗೆರೆ ಎಲ್ಲರನ್ನೂ ಬೆರಗು ಮಾಡುತ್ತದೆ. 1939ರಲ್ಲಿ ಮಿಲಾನಿನಲ್ಲಿ ಅವರು 1:46.6 ಓಡಿದರು. ಅದರ ಹಿಂದಿನ ದಾಖಲೆ ಬ್ರಿಟನ್ನಿನ ಸಿಡ್ನಿ ವುಡರ್ಸನ್ ಅವರ 1:48.4. ಅಂತರ 13 ಮೀಟರಿಗೂ ಜಾಸ್ತಿ. ಸ್ನೆಲ್ ಬೆಲ್ಜಿಯಂನ ರೋಜರ್ ಮೂನ್ಸ್ ಅವರ 1:45.7 ಮುರಿದಾಗ ಸುಮಾರು ಹತ್ತೂವರೆ ಮೀಟರ್. ಬ್ರಿಟನ್ನಿನ ಸೆಬಾಸ್ಟಿಯನ್ ಕೋ 1979ರಲ್ಲಿ ಓಸ್ಲೋದಲ್ಲಿ 1:42.33 ಓಡಿ ಕ್ಯೂಬಾದ ಅಲ್ಬರ್ಟೊ ಹ್ವಾಂತೊರೆನಾ ಅವರ 1:43.44 ದಾಖಲೆಯನ್ನು ಎಂಟೂವರೆ ಮೀಟರ್ ಹಿಂದೆ ಹಾಕಿದರು. ಎರಡು ವರ್ಷದ ನಂತರ ಫ್ಲಾರೆನ್ಸಿನಲ್ಲಿ 1:41.73, ತಮ್ಮದೇ ದಾಖಲೆಗಿಂತ ಇನ್ನೂ ನಾಲ್ಕೂಮುಕ್ಕಾಲು ಮೀಟರ್ ಮುಂದೆ. ರುಡಿಶಾ? ವಿಲ್ಸನ್ ಕಿಪ್‌ಕೆಟರ್ 1997ರಲ್ಲಿ ಓಡಿದ 1:41.11ಕ್ಕಿಂತ ಒಟ್ಟು ಒಂದೂವರೆ ಮೀಟರ್ ಚಿಲ್ಲರೆ. ಅಷ್ಟೇ.

ಇಲ್ಲಿ ಮಕ್ಕಳು ಇನ್ನೊಂದು ತುದಿಗೆ ಹೋಗಿಬಿಡುತ್ತಾರೆ. ಹಾರ್ಬಿಗ್ ದೊಡ್ಡವನು, ರುಡಿಶಾ ಚಿಕ್ಕವನು ಅಂತ. ಅದೂ ಸರಿಯಲ್ಲ. 1939ರಲ್ಲಿ ಈ ಓಟ ಓಡುತ್ತಿದ್ದ ದೇಶಗಳು ಬಹಳ ಕಡಿಮೆ. ಕೀನ್ಯಾ, ಇಥಿಯೋಪಿಯಾ ಇನ್ನೂ ಕಣಕ್ಕೇ ಬಂದಿರಲಿಲ್ಲ. ಓಡುವವರು ಹೆಚ್ಚಾದಷ್ಟೂ ದಾಖಲೆಯಿಂದ ಒಂದು ಮೀಟರ್ ಕೀಳುವುದು ಕಷ್ಟ. ದಾಖಲೆ ಎಷ್ಟು ವರ್ಷ ಉಳಿಯಿತು ಅನ್ನುವ ಅಳತೆಯಲ್ಲೂ ಇದೇ ತೊಡಕು. ಹಾರ್ಬಿಗ್ ದಾಖಲೆ 1955ರವರೆಗೆ 16 ವರ್ಷ ನಿಂತಿತು. ಕೋ ದಾಖಲೆಯೂ 1981ರಿಂದ 1997ರವರೆಗೆ 16 ವರ್ಷ. ಆದರೆ ಹಾರ್ಬಿಗ್‌ನ ಆ ವರ್ಷಗಳಲ್ಲಿ ಮಹಾಯುದ್ಧ ಇತ್ತು, ಎರಡು ಒಲಿಂಪಿಕ್ಸ್ ನಡೆಯಲೇ ಇಲ್ಲ. ಹಾರ್ಬಿಗ್ ಕೂಡ 1944ರಲ್ಲಿ ಯುದ್ಧದಲ್ಲೇ ಸತ್ತರು. ಕೋ ಅವರ 16 ವರ್ಷದಲ್ಲಿ ಪ್ರತಿ ಬೇಸಿಗೆಯೂ ಯುರೋಪಿನಲ್ಲಿ ಯಾರಾದರೂ ಆ ದಾಖಲೆಗೆ ಕೈ ಹಾಕುತ್ತಲೇ ಇದ್ದರು. ನನಗೆ ಕೋ ಅವರ 16 ವರ್ಷ ಹೆಚ್ಚು ತೂಕದ್ದು.

ಅದಕ್ಕೇ ಇನ್ನೊಂದು ಗೆರೆ ಎಳೆಯುತ್ತೇನೆ. ಒಂದೇ ರೇಸಿನಲ್ಲಿ ಎರಡನೆಯವನು ಎಷ್ಟು ಹಿಂದೆ ಇದ್ದ? ಇಲ್ಲಿ ನೆಲ, ಗಾಳಿ, ಶೂ, ವಾಚು ಎಲ್ಲರಿಗೂ ಒಂದೇ ಕಾಲದ್ದು. ಯುಗಗಳನ್ನು ಹೋಲಿಸಲು ನನಗೆ ಸಿಕ್ಕ ಅತ್ಯಂತ ನ್ಯಾಯವಾದ ಅಳತೆ ಇದೇ.

1500 ಮೀಟರಿನಲ್ಲಿ ಇದನ್ನು ಮಾಡಿದರೆ ಇಬ್ಬರು ಎದ್ದು ನಿಲ್ಲುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಹರ್ಬ್ ಎಲಿಯಟ್ 3:35.6 ಓಡಿ ವಿಶ್ವದಾಖಲೆ ಮಾಡಿದರು. ಫ್ರಾನ್ಸಿನ ಮಿಶೆಲ್ ಜಾಜಿ 3:38.4ರಲ್ಲಿ ಎರಡನೆಯವರು. ಅಂತರ 19 ಮೀಟರ್. ಎಂಟು ವರ್ಷದ ನಂತರ ಮೆಕ್ಸಿಕೊದಲ್ಲಿ ಕೀನ್ಯಾದ ಕಿಪ್ ಕೇನೊ 3:34.91, ಅಮೆರಿಕದ ಜಿಮ್ ರಯನ್ 3:37.89. ಅದು 20 ಮೀಟರಿಗೂ ಮೇಲೆ. ಆಗ ವಿಶ್ವದಾಖಲೆ ಇದ್ದದ್ದು ರಯನ್ ಹೆಸರಲ್ಲಿ! ಮೆಕ್ಸಿಕೊ ನಗರ ಸಮುದ್ರ ಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ದೂರದ ಓಟಕ್ಕೆ ಆಮ್ಲಜನಕ ಸಾಲದು. ಕೇನೊ ಹುಟ್ಟಿ ಬೆಳೆದದ್ದೇ ಎತ್ತರದ ನಾಡಿನಲ್ಲಿ. ಅದು ಅವರಿಗೆ ನೆರವಾಯಿತು ಅನ್ನುವುದು ನಿಜ. ಹಾಗಾಗಿ ಈ ಎರಡರಲ್ಲಿ ನಾನು ಎಲಿಯಟ್ ಓಟವನ್ನು ಮೇಲೆ ಇಡುತ್ತೇನೆ.

ಮಹಿಳೆಯರ ಪಟ್ಟಿ ಮಾಡಲು ಹೋದಾಗ ಮನಸ್ಸಿಗೆ ಬೇಜಾರಾಗುತ್ತದೆ. 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜರ್ಮನಿಯ ಲೀನಾ ರಾಡ್ಕೆ 800 ಮೀಟರನ್ನು 2:16.8ರಲ್ಲಿ ಗೆದ್ದರು. ಆಮೇಲೆ ಹೆಂಗಸರಿಗೆ ಈ ದೂರ ಆಗುವುದಿಲ್ಲ ಅಂತ ಓಟವನ್ನೇ ತೆಗೆದುಹಾಕಿದರು. ಮತ್ತೆ ಬಂದದ್ದು 1960ರಲ್ಲಿ. 1500 ಮೀಟರ್ ಬಂದದ್ದು 1972ರಲ್ಲಿ. ಓಡಲು ಬಿಡದೇ ಇದ್ದ ಆ ವರ್ಷಗಳ ಹುಡುಗಿಯರನ್ನು ಯಾವ ಟೇಪಿನಿಂದ ಅಳೆಯುವುದು? 800ರ ಈಗಿನ ದಾಖಲೆ ಚೆಕೊಸ್ಲೊವಾಕಿಯಾದ ಯಾರ್ಮಿಲಾ ಕ್ರಾಟೊಕ್ವಿಲೊವಾ 1983ರಲ್ಲಿ ಮ್ಯೂನಿಕ್‌ನಲ್ಲಿ ಓಡಿದ 1:53.28. ಉದ್ದೀಪನ ಮದ್ದಿನ ಪರೀಕ್ಷೆ ಆಗ ಈಗಿನಷ್ಟು ಬಿಗಿಯಾಗಿರಲಿಲ್ಲ. ರಕ್ತದಲ್ಲಿ ಕೆಂಪು ಕಣ ಹೆಚ್ಚಿಸುವ ಇಪಿಒ ಅನ್ನುವ ಮದ್ದನ್ನು ಪತ್ತೆ ಮಾಡುವ ಪರೀಕ್ಷೆ ಒಲಿಂಪಿಕ್ಸ್‌ಗೆ ಬಂದದ್ದೇ 2000ದಲ್ಲಿ. ನಾನು ಯಾರ ಮೇಲೂ ಆರೋಪ ಹೊರಿಸುವುದಿಲ್ಲ. ಟೈಮಿನ ಪಕ್ಕದಲ್ಲಿ ಆಗಿನ ಪರೀಕ್ಷೆ ಹೇಗಿತ್ತು ಅಂತ ಬರೆದಿಡುತ್ತೇನೆ.

ಈಗಿನವರಲ್ಲಿ ನನ್ನನ್ನು ತಲೆಬಾಗಿಸಿದವರು ಕೀನ್ಯಾದ ಫೇಯ್ತ್ ಕಿಪ್ಯೆಗಾನ್. 2023ರಲ್ಲಿ ಮೊನಾಕೊದಲ್ಲಿ ಮೈಲಿಯನ್ನು 4:07.64ರಲ್ಲಿ ಓಡಿದರು. ಹಳೆಯ ದಾಖಲೆ ಸಿಫಾನ್ ಹಸನ್ ಅವರ 4:12.33. ಅಂದರೆ 30 ಮೀಟರ್ ಹತ್ತಿರ. ಫೋಮ್ ಮತ್ತು ಕಾರ್ಬನ್ ತಟ್ಟೆಯ ಹೊಸ ಸ್ಪೈಕ್ಸ್, ಟ್ರ್ಯಾಕಿನ ಒಳ ಅಂಚಿನಲ್ಲಿ ದಾಖಲೆಯ ವೇಗದಲ್ಲೇ ಓಡುವ ದೀಪ, ಶುರುವಿನಲ್ಲಿ ಮುಂದೆ ಓಡಿ ವೇಗ ಹಾಕಿಕೊಡುವ ಪೇಸ್ ಮೇಕರ್‌ಗಳು, ಇವೆಲ್ಲ ಇದ್ದವು ಅಂತ ಯಾರಾದರೂ ಹೇಳಬಹುದು. ಇದ್ದವು. ಆದರೆ ಅವತ್ತು ಎರಡನೇ ಸ್ಥಾನಕ್ಕೆ ಬಂದವರಿಗೂ ಅವೇ ಇದ್ದವು, ಅವರು 44 ಮೀಟರ್ ಹಿಂದಿದ್ದರು. ನಮ್ಮ ಟ್ರ್ಯಾಕಿನಲ್ಲಿ ಆ ಗೆರೆ ಎಳೆಯಲು ನೇರದ ಅರ್ಧದವರೆಗೆ ನಡೆದುಕೊಂಡು ಹೋಗಬೇಕು. ಹುಡುಗಿಯರು ಆ ಗೆರೆ ಮೇಲೆ ನಿಂತು ಫಿನಿಶ್ ಕಡೆ ನೋಡಿದಾಗ ನಾನು ಬೇರೆ ಏನೂ ಹೇಳಬೇಕಾಗುವುದಿಲ್ಲ.

ಮೀಟರಿಗೆ ಸಿಗದ ಒಂದು ವಿಷಯವೂ ಇದೆ, ರೇಸನ್ನು ಓಡಿದ ರೀತಿ. ಫ್ಲಾರೆನ್ಸಿನಲ್ಲಿ ಕೋ ಮುಂದೆ ಮೊದಲ ಸುತ್ತಿಗೆ ಪೇಸ್ ಮೇಕರ್ ಇದ್ದ. ಲಂಡನ್ನಿನಲ್ಲಿ ರುಡಿಶಾ ಮುಂದೆ ಯಾರೂ ಇರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಪೇಸ್ ಮೇಕರ್ ಇರುವುದಿಲ್ಲ. ಅವರೇ ಮುಂದೆ ಹೋಗಿ ಮೊದಲ ಸುತ್ತನ್ನು 49.28ರಲ್ಲಿ ಮುಗಿಸಿದರು. ಫೈನಲ್ಲಿನಲ್ಲಿ ಹೀಗೆ ಎಳೆಯುವುದು ಎಷ್ಟು ಅಪಾಯ ಅಂತ 800 ಓಡಿದವರಿಗೆಲ್ಲ ಗೊತ್ತು. ಕೊನೇ ನೂರರಲ್ಲಿ ಕಾಲು ಕಲ್ಲಾದರೆ ಹಿಂದಿನವರೆಲ್ಲ ದಾಟಿಕೊಂಡು ಹೋಗುತ್ತಾರೆ. ಅವತ್ತು ಹಿಂದೆ ಬಂದವರನ್ನು ನೋಡಿ. ಎರಡನೆಯವರಾದ ಬೋಟ್ಸ್‌ವಾನಾದ ಹದಿಹರೆಯದ ಹುಡುಗ ನೈಜೆಲ್ ಏಮೋಸ್ ಓಡಿದ್ದು 1:41.73, ಕೋ ದಾಖಲೆಯಷ್ಟೇ. ಎಂಟನೆಯವರ ಟೈಮ್ 1:43.77. ಅದರ ಹಿಂದಿನ ಮೂರೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಟೈಮ್‌ಗಿಂತ ಅದು ವೇಗ. ಒಬ್ಬ ಓಟಗಾರ ಮುಂದೆ ನಿಂತು ಏಳು ಜನರನ್ನೂ ಎಳೆದುಕೊಂಡು ಹೋದ ಓಟ ಅದು. ನಾನು ನೋಡಿದ ಓಟಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಓಟ ಅಂದರೆ ರುಡಿಶಾ. ಓಟಗಾರ ಅಂದರೆ ನನ್ನ ಉತ್ತರ ಸ್ನೆಲ್. ರೋಮ್‌ನಲ್ಲಿ 800 ಚಿನ್ನ, 1964ರ ಟೋಕಿಯೊದಲ್ಲಿ 800 ಮತ್ತು 1500 ಎರಡರಲ್ಲೂ ಚಿನ್ನ, ನಡುವೆ ಹುಲ್ಲಿನ ಮೇಲೆ ಆ ಒಂದು ವಾರ. ಮೈಸೂರಿನಲ್ಲಿರುವ ನನ್ನ ಹಿರಿಯ ಸಹೋದ್ಯೋಗಿ ಇದನ್ನು ಒಪ್ಪುವುದಿಲ್ಲ. "ಮೇಷ್ಟ್ರೇ, 41 ದಿನದಲ್ಲಿ 800, ಮೈಲಿ, 1500 ಮೂರೂ ದಾಖಲೆ ಮುರಿದವನು ಕೋ ಒಬ್ಬನೇ" ಅನ್ನುತ್ತಾರೆ. 1979ರ ಆ ಬೇಸಿಗೆಯನ್ನು ನಾನೂ ಅಲ್ಲಗಳೆಯಲಾರೆ. ಆದರೆ 800ರಲ್ಲಿ ಕೋಗೆ ಒಲಿಂಪಿಕ್ ಚಿನ್ನ ಸಿಗಲಿಲ್ಲ, ಎರಡು ಸಲವೂ ಬೆಳ್ಳಿ. ಅವರು ಚಿನ್ನ ಗೆದ್ದದ್ದು 1500ರಲ್ಲಿ, 1980 ಮತ್ತು 1984ರಲ್ಲಿ.

ಈ ಪದ್ಧತಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನಮ್ಮವರನ್ನು ಅಳೆಯುವಾಗ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ 800 ಫೈನಲ್‌ನಲ್ಲಿ ಶ್ರೀರಾಮ್ ಸಿಂಗ್ ಓಡಿದರು. ಮೊದಲ ಸುತ್ತಿನಲ್ಲಿ ಮುಂದೆ ಎಳೆದವರು ಅವರೇ. ಹ್ವಾಂತೊರೆನಾ 1:43.50ರಲ್ಲಿ ವಿಶ್ವದಾಖಲೆ ಮಾಡಿ ಗೆದ್ದರು. ಶ್ರೀರಾಮ್ ಹಾಕಿದ ವೇಗ ತಮಗೆ ನೆರವಾಯಿತು ಅಂತ ಆಮೇಲೆ ಅವರೇ ಹೇಳಿದರು. ಶ್ರೀರಾಮ್ 1:45.77ರಲ್ಲಿ ಏಳನೆಯವರು. ಆ ಸಲ ಆಫ್ರಿಕಾದ ಬಹಳಷ್ಟು ದೇಶಗಳು ಬಹಿಷ್ಕಾರ ಹಾಕಿದ್ದವು, ಕೀನ್ಯಾದ ಮೈಕ್ ಬೋಯಿಟ್ ಬಂದಿರಲಿಲ್ಲ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಹಾಗಿದ್ದರೂ ಆ ದಿನದ ವಿಶ್ವದಾಖಲೆಗೆ ಶ್ರೀರಾಮ್ ಇದ್ದದ್ದು 17 ಮೀಟರ್ ದೂರದಲ್ಲಿ.

ಆ 1:45.77 ಭಾರತದ ದಾಖಲೆಯಾಗಿ 42 ವರ್ಷ ಉಳಿಯಿತು. 2018ರಲ್ಲಿ ಜಿನ್ಸನ್ ಜಾನ್ಸನ್ 1:45.65 ಓಡಿ ಮುರಿದರು. ಜಿನ್ಸನ್ ಬಗ್ಗೆ ನನಗೆ ತುಂಬ ಗೌರವ. ಅದೇ ವರ್ಷ ಏಷ್ಯನ್ ಗೇಮ್ಸ್ 1500ರಲ್ಲಿ ಚಿನ್ನ ಗೆದ್ದವರು. ಆದರೆ ಗೆರೆ ಎಳೆದು ನೋಡಿ. ಶ್ರೀರಾಮ್‌ಗಿಂತ ಅವರು ಮುಂದೆ ಇರುವುದು ಒಂದು ಮೀಟರಿಗೂ ಕಡಿಮೆ. ರುಡಿಶಾ ದಾಖಲೆಗೆ ಅವರು 36 ಮೀಟರ್ ಹಿಂದೆ. 42 ವರ್ಷದಲ್ಲಿ ಟ್ರ್ಯಾಕ್ ಸುಧಾರಿಸಿತು, ಶೂ ಸುಧಾರಿಸಿತು, ನಾವು ಒಂದು ಮೀಟರ್ ನಡೆದೆವು. ಜಗತ್ತು ಇಪ್ಪತ್ತು ಮೀಟರ್ ಓಡಿತು. ಟೈಮ್ ಪಟ್ಟಿಯಲ್ಲಿ ಜಿನ್ಸನ್ ಮೇಲಿದ್ದಾರೆ. ನನ್ನ ಅಳತೆಯಲ್ಲಿ ಶ್ರೀರಾಮ್ ಸಿಂಗ್ ಬಹಳ ಮೇಲೆ.

2025ರಲ್ಲಿ ಮೊಹಮ್ಮದ್ ಅಫ್ಸಲ್ ಜಿನ್ಸನ್ ದಾಖಲೆಯನ್ನೂ ಮುರಿದಿದ್ದಾರೆ. ಈ ಸಲ ಮಕ್ಕಳಿಗೆ ನಾನು ಲೆಕ್ಕ ಮಾಡಿಕೊಡಲಿಲ್ಲ. ಟೇಪು, ಸುಣ್ಣದ ಪುಡಿ ಕೊಟ್ಟು, ಅಫ್ಸಲ್ ಎಲ್ಲಿ ನಿಲ್ಲುತ್ತಾರೆ, ಏಕೆ ಅಂತ ನೀವೇ ಗೆರೆ ಎಳೆದು ಹೇಳಿ ಅಂದಿದ್ದೇನೆ.