ಕಾಯಿಸಿದ ನೀರಿಗೆ ಕೈ ಅದ್ದಬೇಡಿ

"ನೀರು ಕಾಯಿಸಿಯೇ ಕುಡಿಸುತ್ತಿದ್ದೆವು ಅಜ್ಜಿ, ಆದರೂ ಮಗುವಿಗೆ ಟೈಫಾಯಿಡ್ ಬಂತು" ಎನ್ನುವವರ ಅಡುಗೆಮನೆಯನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನೀರು ಬೆಚ್ಚಗಾದೊಡನೆ ಒಲೆ ಆರಿಸಿ, ನಿನ್ನೆಯ ನೀರು ಉಳಿದಿರುವ ಬಿಂದಿಗೆಗೇ ಸುರಿದು, ಬಂದವರೆಲ್ಲ ಬೆರಳು ಸಮೇತ ಲೋಟ ಮುಳುಗಿಸುತ್ತಿದ್ದರೆ ಕಾಯಿಸಿದ್ದು ಯಾವ ಪುರುಷಾರ್ಥಕ್ಕೆ? ಈ ರೋಗಾಣು ಮಲದಿಂದ ಕೈಗೆ, ಕೈಯಿಂದ ನೀರಿಗೂ ಅನ್ನಕ್ಕೂ ಸೇರುವಂಥದು.

ಕೋಲಾರದ ನಮ್ಮ ಮನೆಯಲ್ಲಿ ಅತ್ತೆಯವರು ಕಲಿಸಿದ ಕ್ರಮವನ್ನು ನಾನು ಇಂದಿಗೂ ಬಿಟ್ಟಿಲ್ಲ. ರಾತ್ರಿಯ ಅಡುಗೆ ಮುಗಿದ ಮೇಲೆ ಉಜ್ಜಿ ತೊಳೆದ ತಪ್ಪಲೆಯಲ್ಲಿ ನೀರಿಟ್ಟು, ನೀರು ತೆಗೆಯುವ ಉದ್ದ ಹಿಡಿಯ ಸೌಟನ್ನೂ ಅದರೊಳಗೇ ಇಳಿಬಿಡಬೇಕು. ತಳದಲ್ಲಿ ಸಣ್ಣ ಗುಳ್ಳೆ ಎದ್ದರೆ ಅದು ಕುದಿಯಲ್ಲ. ನೀರೆಲ್ಲ ಕೊತಕೊತನೆ ಕುದಿದು ಸೌಟು ಅಲುಗಾಡಬೇಕು. ಆಮೇಲೆ 1 ನಿಮಿಷ ಸಾಕೆನ್ನುತ್ತಾರೆ, ನಾನು ಒಂದು ದೇವರನಾಮ ಹೇಳಿ ಮುಗಿಸುವವರೆಗೆ ಬಿಡುತ್ತೇನೆ. ಸೌಟನ್ನು ತೆಗೆದು, ಒರೆಸದೆ, ಹಾಗೆಯೇ ಮೊಳೆಗೆ ನೇತುಹಾಕಿ, ತಪ್ಪಲೆಗೆ ಮುಚ್ಚಳ ಹಾಕಿ ಅದರಲ್ಲೇ ಆರಲು ಬಿಡಬೇಕು. ಬೇರೆ ಪಾತ್ರೆಗೆ ಬಗ್ಗಿಸಕೂಡದು. ಮರುದಿನ ರಾತ್ರಿ ಉಳಿದದ್ದನ್ನು ಗಿಡಕ್ಕೆ ಹಾಕಿ ಹೊಸ ನೀರಿಡಬೇಕು. ಒರೆಸಬೇಡಿ ಎಂದದ್ದು ಏಕೆಂದರೆ ಮನೆಯಲ್ಲಿ ಎಲ್ಲಕ್ಕಿಂತ ಕೊಳಕಾದದ್ದು ಆ ಒರೆಸುವ ಬಟ್ಟೆಯೇ. ಅದನ್ನೂ ಆಗಾಗ ಸೋಪು ಹಾಕಿ ಕುದಿಸಿ ಬಿಸಿಲಿಗೆ ಹರಡಿ. ನಮ್ಮ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಕುದಿಸಿದರೆ ಹೋಗದಾದ್ದರಿಂದ ಶುದ್ಧ ನೀರಿನ ಘಟಕದಿಂದಲೇ ತನ್ನಿ, ಆದರೆ ಕ್ಯಾನಿನ ಒಳಗನ್ನು ತೊಳೆಯದೆ ತುಂಬಿಸಿಕೊಂಡು ಬಂದು ಶುದ್ಧವೆಂದು ನಂಬಿ ಕೂರಬೇಡಿ.

ಮಕ್ಕಳಿಗೆ 6 ತಿಂಗಳು ತುಂಬಿದ ಮೇಲೆ ಕೊಡಬಹುದಾದ ಟೈಫಾಯಿಡ್ ಲಸಿಕೆಯಿದೆ, ವೈದ್ಯರನ್ನು ಕೇಳಿ ಹಾಕಿಸಿ.

ಮೂರು ದಿನವಾದರೂ ಜ್ವರ ಇಳಿಯದೆ ಸಂಜೆಸಂಜೆಗೆ ಏರುತ್ತಿದ್ದರೆ ಅಂಗಡಿಯ ಮಾತ್ರೆ ನುಂಗಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಆ್ಯಂಟಿಬಯಾಟಿಕ್ ಶುರುವಾಗುವ ಮೊದಲೇ ರಕ್ತದ ಕಲ್ಚರ್ ಪರೀಕ್ಷೆಗೆ, ಎಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಕೊಟ್ಟರೆ ರೋಗ ಸರಿಯಾಗಿ ತಿಳಿಯುತ್ತದೆ. ಜ್ವರ ಬಿಟ್ಟಿತೆಂದು ಐದನೆಯ ದಿನವೇ ಮಾತ್ರೆ ನಿಲ್ಲಿಸಿದ ನನ್ನ ಮೈದುನ ಕೆಲವೇ ವಾರಗಳಲ್ಲಿ ಮತ್ತೆ ಹಾಸಿಗೆ ಹಿಡಿದದ್ದನ್ನು ಕಣ್ಣಾರೆ ಕಂಡವಳು ನಾನು. ಹೇಳಿದಷ್ಟು ದಿನವೂ ಔಷಧಿ ಮುಗಿಸಲೇಬೇಕು. ಉಪವಾಸ ಕೆಡವಬೇಡಿ, ಮೆತ್ತಗಿನ ಗಂಜಿ, ತೆಳ್ಳಗಿನ ರಾಗಿ ಅಂಬಲಿ ಕೊಡಿ. ಹೊಟ್ಟೆ ಬಿಗಿದು ನೋಯುತ್ತಿದ್ದರೆ ಅಥವಾ ಮಲ ಕಪ್ಪಗಾದರೆ ಕರುಳಿಗೆ ಪೆಟ್ಟಾಗಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಗುಣವಾದ ಮೇಲೂ ಕೆಲವರ ಪಿತ್ತಕೋಶದಲ್ಲಿ ರೋಗಾಣು ಉಳಿದುಬಿಡುತ್ತದೆ. ಆದ್ದರಿಂದ ಎದ್ದು ಓಡಾಡುತ್ತಿದ್ದಾರೆಂದು, ವೈದ್ಯರು ಸರಿಯೆನ್ನುವ ಮೊದಲೇ, ಅವರ ಕೈಯಲ್ಲಿ ಮನೆಮಂದಿಗೆ ಮುದ್ದೆ ಕಟ್ಟಿಸಬೇಡಿ.