ಜೋಮು ಅಂದುಕೊಂಡದ್ದು ಕರೆಂಟ್ ಆಗಿತ್ತು

ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಾವು ಐದು ಜನ ಸೇರುತ್ತೇವೆ. ಎಲ್ಲರಿಗೂ 65 ದಾಟಿದೆ. ನಾನು 38 ವರ್ಷ ಮೈಸೂರಿನ ಮನೆಗಳಿಗೆ ವೈರಿಂಗ್ ಮಾಡಿದವನು. ಒಬ್ಬರು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಇನ್ನೊಬ್ಬರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಅವರನ್ನು ನಾವೆಲ್ಲ ಸಿಸ್ಟರ್ ಅಂತಲೇ ಕರೆಯುವುದು. ಉಳಿದಿಬ್ಬರು ಪೋಸ್ಟ್ ಆಫೀಸಿನಿಂದ ರಿಟೈರ್ ಆದವರು. ನಡೆದು ಮುಗಿಸಿ ಬೆಂಚಿನ ಮೇಲೆ ಕುಳಿತರೆ ಮಾತು ಎರಡೇ ಕಡೆ ಹೋಗುತ್ತದೆ. ಒಂದು ಮೈ, ಇನ್ನೊಂದು ಮನೆ.

ಹೋದ ಮಾಗಿ ಚಳಿಯಲ್ಲಿ ಒಂದು ದಿನ ಮೇಷ್ಟ್ರು ಸಿಸ್ಟರ್ ಹತ್ತಿರ ಕೈ ಚಾಚಿದರು. "ಹದಿನೈದು ದಿನದಿಂದ ಬಲಗೈ ಬೆರಳು ಜುಂ ಅಂತಿದೆ. ಶುಗರ್ ನರಕ್ಕೆ ಬಂತು ಅಂತ ಕಾಣುತ್ತೆ ಸಿಸ್ಟರ್" ಅಂದರು. ಸಿಸ್ಟರ್ ಕೈ ನೋಡಲಿಲ್ಲ, ಪ್ರಶ್ನೆ ಕೇಳಿದರು. "ರಾತ್ರಿ ಮಲಗಿದಾಗ ಆಗುತ್ತಾ? ಪಾದಕ್ಕೂ ಇದೆಯಾ?" ಇಲ್ಲ ಅಂದರು ಮೇಷ್ಟ್ರು. "ಶುಗರಿನ ಜೋಮು ಸಾಮಾನ್ಯವಾಗಿ ಕಾಲ್ಬೆರಳಲ್ಲಿ ಶುರುವಾಗುತ್ತೆ ಮೇಷ್ಟ್ರೇ. ಎರಡೂ ಕಾಲಿಗೆ ಬರುತ್ತೆ, ರಾತ್ರಿ ಜಾಸ್ತಿ. ನಿಮಗೆ ಯಾವಾಗ ಆಗುತ್ತೆ?" ಮೇಷ್ಟ್ರು ಸ್ವಲ್ಪ ಯೋಚನೆ ಮಾಡಿ, "ಸ್ನಾನದ ಹೊತ್ತಲ್ಲಿ" ಅಂದರು.

ನನ್ನ ಎದೆ ಧಸಕ್ ಅಂದಿತು. "ನಲ್ಲಿ ಮುಟ್ಟಿದಾಗಲಾ?" ಅಂತ ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಅಲ್ಲಿಂದಲೇ ಮನೆಗೆ ಫೋನ್ ಮಾಡಿಸಿದೆ. ಯಾರೂ ಬಚ್ಚಲುಮನೆಗೆ ಹೋಗಬೇಡಿ, ಮೇನ್ ಸ್ವಿಚ್ ಆಫ್ ಮಾಡಿ, ನಾವು ಬರುವ ತನಕ ಹಾಗೇ ಇರಲಿ ಅಂತ ಹೇಳಿಸಿದೆ.

ಅವರದು 40 ವರ್ಷದ ಹಳೆ ಮನೆ. ಗೀಸರಿನೊಳಗಿನ ಕಾಯಿಲ್ ಸೀಳು ಬಿಟ್ಟಿತ್ತು. ಬೋರ್‌ವೆಲ್ ನೀರಿನ ಗಡಸಿಗೆ ಅದರ ಮೇಲೆ ಬಿಳಿ ಸುಣ್ಣದ ಹಾಗೆ ಪದರ ಕಟ್ಟಿತ್ತು. ಆ ಪದರ ಕಟ್ಟಿದರೆ ಕಾಯಿಲಿನ ಶಾಖ ನೀರಿಗೆ ಸರಿಯಾಗಿ ಹೋಗುವುದಿಲ್ಲ. ಕಾಯಿಲ್ ಒಳಗೇ ಬೆಂದು ಒಡೆಯುತ್ತದೆ. ಒಡೆದ ಮೇಲೆ ಕರೆಂಟ್ ನೀರಿಗೆ ಇಳಿಯುತ್ತದೆ.

ಅರ್ತಿಂಗ್ ಸರಿಯಾಗಿದ್ದರೆ ಆ ಕರೆಂಟ್ ಅರ್ತ್ ವೈರಿನಲ್ಲಿ ನೆಲಕ್ಕೆ ಹೋಗಿಬಿಡುತ್ತದೆ. ಇಲ್ಲಿ ಹಾಗಾಗಲಿಲ್ಲ. ಯಾರೋ ಗೀಸರ್ ರಿಪೇರಿ ಮಾಡಿದವರು ತ್ರೀ ಪಿನ್ ಪ್ಲಗ್ ಹಾಕುವಾಗ ಹಸಿರು ಬಣ್ಣದ ಅರ್ತ್ ವೈರನ್ನು ಕತ್ತರಿಸಿ ಬಿಟ್ಟಿದ್ದರು. ಗೀಸರ್ ಓಡುವುದಕ್ಕೆ ಎರಡು ವೈರ್ ಸಾಕು. ಹಾಗಾಗಿ ಮೂರನೆಯದು ಇಲ್ಲ ಅನ್ನುವುದು ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ಸಂಗತಿ ಇದೆ. ಹಳೆ ಮನೆ ಇರುವವರು ಇದನ್ನು ದಯವಿಟ್ಟು ಗಮನಿಸಿ. ಮುಂಚೆ ಬಚ್ಚಲುಮನೆಗೆ ಜಿಐ ಪೈಪು, ಅಂದರೆ ಕಬ್ಬಿಣದ ಪೈಪು ಇರುತ್ತಿತ್ತು. ಅದು ಮಣ್ಣಿನೊಳಗೆ ಹೂತಿರುತ್ತಿದ್ದುದರಿಂದ ಸೋರಿದ ಕರೆಂಟಿಗೆ ತಾನಾಗಿ ಒಂದು ದಾರಿ ಸಿಗುತ್ತಿತ್ತು. ಅದನ್ನೇ ನಂಬಿಕೊಂಡು ಇರಬೇಕು ಅಂತಲ್ಲ, ಆದರೆ ಎಷ್ಟೋ ಮನೆಗಳನ್ನು ಅದು ಕಾಪಾಡಿದೆ. ಮೇಷ್ಟ್ರು ಬಚ್ಚಲುಮನೆಗೆ ಟೈಲ್ಸ್ ಹಾಕಿಸುವಾಗ ಪ್ಲಾಸ್ಟಿಕ್ ಪೈಪು ಹಾಕಿಸಿದರು. ನಲ್ಲಿ ಮಾತ್ರ ಲೋಹದ್ದು. ಈಗ ಸೋರಿದ ಕರೆಂಟಿಗೆ ನೆಲಕ್ಕಿಳಿಯಲು ಇದ್ದ ದಾರಿ ಒಂದೇ. ಪೈಪಿನ ನೀರು, ನಲ್ಲಿ, ಮೇಷ್ಟ್ರ ಕೈ, ಒದ್ದೆ ಕಾಲು. ಪೈಪು ಬದಲಾಯಿಸಿದವರು ಅರ್ತಿಂಗನ್ನೂ ಒಮ್ಮೆ ನೋಡಿಸಲೇಬೇಕು.

"ಎಂಸಿಬಿ ಇದೆಯಲ್ಲ, ಅದು ಯಾಕೆ ಬೀಳಲಿಲ್ಲ?" ಅಂತ ಮೇಷ್ಟ್ರ ಮಗ ಕೇಳಿದ. ಈ ಪ್ರಶ್ನೆಯನ್ನು ನಾನು ಸಾವಿರ ಮನೆಯಲ್ಲಿ ಕೇಳಿದ್ದೇನೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್. ಅದು ಇರುವುದು ವೈರನ್ನು ಕಾಪಾಡಲು, ಮನುಷ್ಯನನ್ನು ಕಾಪಾಡಲು ಅಲ್ಲ. 16 ಆಂಪಿಯರಿನ ಎಂಸಿಬಿ 16 ಆಂಪಿಯರ್ ದಾಟಿದರೆ ಮಾತ್ರ ಬೀಳುವ ಯೋಚನೆ ಮಾಡುತ್ತದೆ. ಮನುಷ್ಯನ ಪ್ರಾಣ ಹೋಗಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು. ಮನುಷ್ಯನಿಗಾಗಿ ಇರುವುದು ಆರ್‌ಸಿಸಿಬಿ. ಫೇಸ್ ವೈರಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಲೆಕ್ಕ ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರಿನಷ್ಟು ಕಡಿಮೆ ಬಂದರೆ, ಎಲ್ಲೋ ಸೋರಿದೆ ಅಂತ ಕಣ್ಣು ಮಿಟುಕಿಸುವುದರೊಳಗೆ ಕರೆಂಟ್ ಕಡಿದುಬಿಡುತ್ತದೆ. ಮನೆಗೆ 30 ಮಿಲಿ ಆಂಪಿಯರಿನದನ್ನೇ ಕೇಳಿ ತನ್ನಿ. 100ರದ್ದೂ 300ರದ್ದೂ ಸಿಗುತ್ತದೆ, ಅವು ಶಾಕಿನಿಂದ ಮನುಷ್ಯನನ್ನು ಕಾಪಾಡಲು ಅಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಗೂ ತಿಳಿಯುವುದಿಲ್ಲ. ಆದ್ದರಿಂದ ಅದು ಇದೆ ಅಂತ ಧೈರ್ಯ ಮಾಡಿ ವೈರಿಗೆ ಕೈ ಹಾಕಬಾರದು.

ಆರ್‌ಸಿಸಿಬಿಯ ಮುಖದ ಮೇಲೆ ಟೆಸ್ಟ್ ಅಂತ ಬರೆದ ಒಂದು ಪುಟ್ಟ ಬಟನ್ ಇರುತ್ತದೆ. ತಿಂಗಳಿಗೆ ಒಮ್ಮೆ ಒತ್ತಬೇಕು. ಟಪ್ ಅಂತ ಬಿದ್ದು ಮನೆಯ ಕರೆಂಟ್ ಹೋದರೆ ಅದು ಎಚ್ಚರವಾಗಿದೆ ಅಂತ ಅರ್ಥ. ಬೀಳದಿದ್ದರೆ ಇದ್ದೂ ಇಲ್ಲದ ಹಾಗೆ. ಅದರೊಳಗಿನ ಸ್ಪ್ರಿಂಗು ವರ್ಷಗಟ್ಟಲೆ ಅಲ್ಲಾಡದೆ ಇದ್ದರೆ ಹಿಡಿದುಕೊಂಡುಬಿಡುತ್ತದೆ. ಈ ಬಟನ್ ಅರ್ತಿಂಗನ್ನು ಪರೀಕ್ಷೆ ಮಾಡುವುದಿಲ್ಲ. ಅದಕ್ಕೆ ಎಲೆಕ್ಟ್ರೀಷಿಯನ್ನೇ ಬಂದು ಅಳೆಯಬೇಕು. ಮನೆ ಪಕ್ಕದ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಬಕೆಟ್ ನೀರು ಹಾಕುವುದನ್ನು ಮಾತ್ರ ನಾವೇ ಮಾಡಬಹುದು. ಮಣ್ಣು ಒಣಗಿದರೆ ಕರೆಂಟಿಗೆ ದಾರಿ ಕಿರಿದಾಗುತ್ತದೆ.

ಜುಂ ಅನ್ನುವುದು ಎಷ್ಟೇ ಸಣ್ಣದಿರಲಿ, ಫ್ರಿಜ್ಜಿನ ಬಾಗಿಲಲ್ಲಿ ಇರಲಿ, ಮಿಕ್ಸಿಯಲ್ಲಿ ಇರಲಿ, ವಾಷಿಂಗ್ ಮೆಷಿನ್ನಿನಲ್ಲಿ ಇರಲಿ, ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಇವತ್ತು ಒಣ ಚಪ್ಪಲಿ ಹಾಕಿಕೊಂಡು ಮುಟ್ಟಿದಿರಿ, ಜುಂ ಅಂದಿತು. ನಾಳೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟುತ್ತೀರಿ. ಹಾಗೆಯೇ ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬು ಮಿಣಮಿಣ ಅನ್ನುತ್ತಿದ್ದರೆ ಸುಮ್ನೆ ಬಿಡಬೇಡಿ. ಕೆಲವು ಸಲ ಸ್ವಿಚ್ಚಿನ ಪುಟ್ಟ ಇಂಡಿಕೇಟರಿನಿಂದ ಹಾಗಾಗುತ್ತದೆ. ಆದರೆ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿದ್ದರೂ ಹಾಗೇ ಆಗುತ್ತದೆ. ಆಗ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬಲ್ಬು ಬದಲಾಯಿಸಲು ಹೋದವರಿಗೆ ಹೊಡೆಯುತ್ತದೆ. ಸ್ಟೂಲಿನ ಮೇಲೆ ನಿಂತಾಗ ಶಾಕಿಗಿಂತ ಬೀಳುವುದೇ ದೊಡ್ಡ ಪೆಟ್ಟು. ನಮ್ಮ ವಯಸ್ಸಿಗೆ ಸ್ಟೂಲು ಹತ್ತುವ ಕೆಲಸವೇ ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಸ್ನಾನದ ನೀರಿನ ಬಗ್ಗೆ ಇನ್ನೆರಡು ಮಾತು. 2000 ವಾಟಿನ ಗೀಸರ್ ನಮ್ಮ 230 ವೋಲ್ಟಿಗೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡು 1380 ವಾಟಿನ ಮೇಲೆ ತಡೆಯುವುದಿಲ್ಲ. ಪ್ಲಗ್ ಮುಟ್ಟಿದರೆ ಬಿಸಿ ಇದೆ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಅದು ಕಡೆಯ ಎಚ್ಚರಿಕೆ. ಗೀಸರ್ ಆಫ್ ಮಾಡಿ ಆಮೇಲೆ ಸ್ನಾನಕ್ಕೆ ಹೋಗುವುದು ಒಳ್ಳೆಯದು. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡ್ ಇದ್ದರೆ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ನೀರು ಮುಟ್ಟಿ. ಮರೆವು ಶುರುವಾದವರ ಮನೆಯಲ್ಲಿ ಆ ರಾಡ್ ಇರುವುದೇ ಬೇಡ. ಗ್ಯಾಸ್ ಗೀಸರ್ ಇರುವವರು ಅದನ್ನು ಬಚ್ಚಲುಮನೆಯ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ. ಮುಚ್ಚಿದ ಬಚ್ಚಲಲ್ಲಿ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ನನ್ನ ಅಕ್ಕನ ವಿಷಯ ಬೇರೆ. ಆಕೆಗೆ ಶಾಕ್ ಹೊಡೆಯಲಿಲ್ಲ, ಕತ್ತಲು ಹೊಡೆಯಿತು. ಕರೆಂಟ್ ಉಳಿಸಬೇಕು ಅಂತ ರಾತ್ರಿ ಎಲ್ಲ ದೀಪ ಆರಿಸಿ ಮಲಗುತ್ತಿದ್ದಳು. ಮೂರು ಗಂಟೆಗೆ ಎದ್ದು ಬಚ್ಚಲಿಗೆ ಹೊರಟವಳು ಹೊಸ್ತಿಲಲ್ಲಿ ಎಡವಿ ಸೊಂಟದ ಮೂಳೆ ಮುರಿದುಕೊಂಡಳು. ಆಮೇಲೆ ಅವಳ ಮುಂದೆ ಕುಳಿತು ಲೆಕ್ಕ ಮಾಡಿ ತೋರಿಸಿದೆ. ಅರ್ಧ ವಾಟಿನ ನೈಟ್ ಲ್ಯಾಂಪ್ ರಾತ್ರಿ ಹತ್ತು ಗಂಟೆ ಉರಿದರೆ ತಿಂಗಳಿಗೆ ಒಂದು ಯೂನಿಟ್ಟಿನ ಆರನೇ ಒಂದು ಪಾಲೂ ಆಗುವುದಿಲ್ಲ. 2023ರಿಂದ ಗೃಹಜ್ಯೋತಿಯೂ ಇದೆ. ಈ ಲೆಕ್ಕ ಅವಳು ಬೀಳುವ ಮುಂಚೆ ನಾನು ಹೇಳಬೇಕಿತ್ತು. ಈಗಲೂ ಮನಸ್ಸಿಗೆ ನೋವಾಗುತ್ತದೆ.

ಹಾಸಿಗೆಯಿಂದ ಬಚ್ಚಲಿನ ತನಕ ಮೊಣಕಾಲಿನ ಎತ್ತರದಲ್ಲಿ ಎರಡು ಮೂರು ಪುಟ್ಟ ದೀಪ ಹಾಕಿಸಿ. ದೀಪ ಮೇಲಿದ್ದರೆ ನಮ್ಮ ನೆರಳೇ ಹೊಸ್ತಿಲ ಮೇಲೆ ಬೀಳುತ್ತದೆ. ಮಲಗಿದಲ್ಲೇ ಕೈಗೆ ಸಿಗುವ ಹಾಗೆ ಒಂದು ಟೂ ವೇ ಸ್ವಿಚ್ ಇರಲಿ. ಮಹಡಿ ಮೆಟ್ಟಿಲಿಗೆ ಹಾಕುವ ಹಾಗೆಯೇ, ಬಾಗಿಲಲ್ಲಿ ಹಾಕಿ ಹಾಸಿಗೆಯಲ್ಲಿ ಆರಿಸಬಹುದು. ನೆಲದ ಮೇಲೆ ವೈರ್ ಎಳೆಯಬೇಡಿ. ಸಿಸ್ಟರ್ ಇದಕ್ಕೆ ಇನ್ನೊಂದು ಸೇರಿಸಿದರು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಥಟ್ಟನೆ ಎದ್ದರೆ ರಕ್ತದ ಒತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಎದ್ದು ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟು ಒಂದು ನಿಮಿಷ ಕುಳಿತು, ಪಾದ ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಬೇಕು. ಈಗ ನಾವೆಲ್ಲ ಬೆಂಚಿನ ಬೆನ್ನು ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದನ್ನೂ ಅಭ್ಯಾಸ ಮಾಡುತ್ತೇವೆ. ಬ್ಯಾಲೆನ್ಸಿಗೆ ನಡಿಗೆ ಒಂದೇ ಸಾಲದು ಅಂತ ಸಿಸ್ಟರ್ ಪಟ್ಟು ಹಿಡಿದು ಮಾಡಿಸುತ್ತಾರೆ.

ಮನೆಯ ಬಿಪಿ ಮೆಷಿನ್ ಬಗ್ಗೆಯೂ ಅವರದು ಕಟ್ಟುನಿಟ್ಟು. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಮಾತಾಡಬಾರದು. ಮನೆಯಲ್ಲಿ 135/85 ದಾಟಿ ಬರುತ್ತಲೇ ಇದ್ದರೆ ಡಾಕ್ಟರಿಗೆ ತೋರಿಸಬೇಕು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಅದರೊಳಗೇ ಬರಬೇಕು.

ಪೋಸ್ಟ್ ಆಫೀಸಿನ ಗೆಳೆಯರೊಬ್ಬರಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಮನೆಯಲ್ಲಿ ಏನು ಮುಟ್ಟಲೂ ಭಯ ಅವರಿಗೆ. ಫ್ಯಾನು, ಟಿವಿ, ಮಿಕ್ಸಿ, ಸರಿಯಾಗಿರುವ ಮೈಕ್ರೋವೇವ್, ಯಾವುದಕ್ಕೂ ಹೆದರಬೇಕಿಲ್ಲ. ಇಂಡಕ್ಷನ್ ಒಲೆಯಿಂದ ಎದೆ ಎರಡು ಅಡಿ ದೂರ ಇರಲಿ. ಮೊಬೈಲನ್ನು ಅಂಗಿಯ ಎದೆ ಜೇಬಿನಲ್ಲಿ ಇಡಬಾರದು, ಒಂದು ಗೇಣು ದೂರ ಇಟ್ಟರೆ ಸಾಕು.

ಯಾರಿಗಾದರೂ ಕರೆಂಟ್ ಹಿಡಿದುಕೊಂಡರೆ ಕೈ ಹಿಡಿದು ಎಳೆಯಬೇಡಿ. ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವುದು ಹೀಗೇ. ಮೊದಲು ಮೇನ್ ಆಫ್ ಮಾಡಿ. ಅದು ಆಗದಿದ್ದರೆ ಒಣಗಿದ ಮರದ ಕೋಲಿನಿಂದ ವೈರನ್ನು ದೂರ ತಳ್ಳಿ. ರಸ್ತೆಯ ಲೈನ್ ಹರಿದು ಬಿದ್ದಿದ್ದರೆ ಹತ್ತಿರವೂ ಹೋಗದೆ 1912ಕ್ಕೆ ಫೋನ್ ಮಾಡಿ. ಕರೆಂಟ್ ಬಿಟ್ಟ ಮೇಲೆ ಅವರಿಗೆ ಉಸಿರಿಲ್ಲ ಅಂದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಜೋರಾಗಿ ಒತ್ತುತ್ತಾ ಇರಬೇಕು. ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಎರಡು ಅಂಗುಲ ಆಳಕ್ಕೆ, ಆಂಬುಲೆನ್ಸ್ ಬರುವ ತನಕ. ಸಿಸ್ಟರ್ ಇದನ್ನು ಒಂದು ತಲೆದಿಂಬಿನ ಮೇಲೆ ನಮ್ಮೆಲ್ಲರ ಕೈಯಲ್ಲೂ ಮಾಡಿಸಿದ್ದಾರೆ. ಜೋರಾಗಿ ಶಾಕ್ ಹೊಡೆದು ಎದ್ದು ಕುಳಿತವರನ್ನೂ ಒಮ್ಮೆ ಇಸಿಜಿಗೆ ಕರೆದುಕೊಂಡು ಹೋಗಬೇಕು. ಎದೆಯ ಬಡಿತದ ತಾಳ ತಪ್ಪಿರುವುದು ಹೊರಗೆ ಕಾಣುವುದಿಲ್ಲ.

ಮೇಷ್ಟ್ರ ಮನೆಗೆ ಹೊಸ ಕಾಯಿಲ್, ಹೊಸ ಅರ್ತ್ ಗುಂಡಿ, ಆರ್‌ಸಿಸಿಬಿ ಎಲ್ಲ ಆಯಿತು. ನನ್ನ ಹತ್ತಿರ ಕೆಲಸ ಕಲಿತ ಹುಡುಗ ಹಾಕಿಕೊಟ್ಟ. ಪ್ರತಿ ತಿಂಗಳು ಒಂದನೇ ತಾರೀಖು ಐದೂ ಮನೆಯಲ್ಲಿ ಟೆಸ್ಟ್ ಬಟನ್ ಒತ್ತಿ, ಬಿಪಿ ನೋಡಿ, ಕೆರೆ ಏರಿಯಲ್ಲಿ ಹೇಳಬೇಕು ಅಂತ ಮಾತಾಗಿದೆ. ಈ ತಿಂಗಳು ಮೇಷ್ಟ್ರದು ಟಪ್ ಅಂತ ಬಿತ್ತು, ಬಿಪಿ 132/80. ಪೇಸ್‌ಮೇಕರ್ ಗೆಳೆಯರ ಮನೆಯದು ಎರಡು ಸಲ ಒತ್ತಿದರೂ ಬೀಳಲಿಲ್ಲ. ಹನ್ನೊಂದು ವರ್ಷದ ಹಿಂದೆ ಹಾಕಿಸಿದ್ದಂತೆ, ಒಮ್ಮೆಯೂ ಒತ್ತಿರಲಿಲ್ಲ. ಅವತ್ತೇ ಸಂಜೆ ಹುಡುಗನನ್ನು ಕಳಿಸಿ ಬದಲಾಯಿಸಿದೆವು.