ಸ್ಪ್ಯಾನಿಷ್ ಚಿತ್ರಪುಸ್ತಕ ಓದಿ ಹೇಳಲು ಕನ್ನಡದ ನಾಲಿಗೆ ಸಾಕು

ಟೆಕ್ಸಸ್, ಕ್ಯಾಲಿಫೋರ್ನಿಯಾಗಳ ಎಷ್ಟೋ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಜೊತೆ ಸ್ಪ್ಯಾನಿಷ್‌ನಲ್ಲೂ ಪಾಠ ನಡೆಯುತ್ತದೆ. ಅಲ್ಲಿರುವ ಕನ್ನಡದ ಮಗು ಒಂದು ಸಂಜೆ ಎರಡು ಭಾಷೆಯ ಚಿತ್ರಪುಸ್ತಕ ತಂದು "ಅಮ್ಮಾ, ಓದು" ಅನ್ನುತ್ತದೆ. ನಾನಂತೂ ಮೊದಲು ಇಂಗ್ಲಿಷ್ ಸಾಲು ಮಾತ್ರ ಓದಿ ಪುಟ ತಿರುಗಿಸುತ್ತಿದ್ದೆ. ಹಾಗೆ ಹೆದರಬೇಕಿರಲಿಲ್ಲ. ಸ್ಪ್ಯಾನಿಷ್ ಅನ್ನು ಜೋರಾಗಿ ಓದುವುದು ನಮಗೆ ಇಂಗ್ಲಿಷ್‌ಗಿಂತ ಸುಲಭ.

ಮೊದಲು ಅಕ್ಷರ ಹಿಡಿಯಿರಿ. ಸ್ಪ್ಯಾನಿಷ್ ಹೆಚ್ಚುಕಡಿಮೆ ಬರೆದಂತೆಯೇ ಓದುವ ಭಾಷೆ. ಅದರ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉ. ಟಿ, ಡಿ ಕಂಡಲ್ಲಿ ತ, ದ ಅನ್ನಿ. ಬೆಕ್ಕು 'ಗಾತೊ', ಗಾಟೊ ಅಲ್ಲ. ಸಿ ಜೊತೆ ಬಂದಾಗ ಬಿಟ್ಟರೆ, ಎಚ್ ಬರೆದಿದ್ದರೂ ಓದಬೇಡಿ. ನಮಸ್ಕಾರ ಅನ್ನಲು ಮಕ್ಕಳು ಹೇಳುವ 'ಓಲಾ' ಶುರುವಾಗುವುದು ಎಚ್‌ನಿಂದಲೇ. ಜೆ ಇದ್ದರೆ ಹ: ಕಣ್ಣು 'ಓಹೊ'. ವಿ ಇದ್ದರೆ ಬ: ಹಸು 'ಬಾಕಾ'. ಎನ್ ತಲೆಯ ಮೇಲೆ ಅಲೆಯಂಥ ಗೆರೆ ಇದ್ದರೆ ಅದು ನಮ್ಮ ಞ! ಶಾಲೆ ಬಿಟ್ಟ ಮೇಲೆ ಆ ಅಕ್ಷರ ಬೇಕಾಗಿದ್ದು ನನಗೆ ಇದೇ ಮೊದಲು.

ಆರ್ ಒಂದೋ ಎರಡೋ ಎಂದು ನೋಡಿಕೊಳ್ಳಿ. 'ಪೆರೊ' ಎಂದರೆ 'ಆದರೆ', 'ಪೆರ್ರೊ' ಎಂದರೆ ನಾಯಿ. ಕತೆ, ಕತ್ತೆಗಳ ವ್ಯತ್ಯಾಸ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಇನ್ನೊಂದು ಅನುಕೂಲ ಇದೆ. ಸ್ಪ್ಯಾನಿಷ್‌ನಲ್ಲಿ ಪ್ರಶ್ನೆಯ ಶುರುವಿಗೇ ತಲೆಕೆಳಗಾದ ಪ್ರಶ್ನೆ ಚಿಹ್ನೆ ಇರುತ್ತದೆ. ಅದನ್ನು ಕಂಡ ಕೂಡಲೇ ದನಿ ಬದಲಿಸಿ. ಓದಿ ಹೇಳುವವರಿಗೆ ಇದು ದೊಡ್ಡ ಉಪಕಾರ.

ಪುಸ್ತಕ ಆರಿಸುವಾಗ ಒಂದು ಪುಟ ತೆರೆದು ನೋಡಿ. ಇಂಗ್ಲಿಷ್ ದಪ್ಪಗೆ ಮೇಲಿದ್ದು, ಸ್ಪ್ಯಾನಿಷ್ ಸಣ್ಣಗೆ ಕೆಳಗೆ ಇದ್ದರೆ ನಾನು ಹಿಂದಕ್ಕಿಡುತ್ತೇನೆ. ಯಾವುದು ಮುಖ್ಯ ಎಂದು ಮಗು ಅಕ್ಷರದ ಗಾತ್ರದಿಂದಲೇ ಕಲಿತುಬಿಡುತ್ತದೆ. ಪ್ರಾಸದ ಪುಸ್ತಕವಾದರೆ ಎರಡೂ ಭಾಷೆಯಲ್ಲಿ ಓದಿ ನೋಡಿ. ಅನುವಾದದಲ್ಲಿ ಪ್ರಾಸ ಸತ್ತಿರುವುದೇ ಜಾಸ್ತಿ. ಹ್ಯೂಸ್ಟನ್‌ನ ಪಿನ್ಯಾಟಾ ಬುಕ್ಸ್, 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಚಿಲ್ಡ್ರನ್ಸ್ ಬುಕ್ ಪ್ರೆಸ್ ಎರಡು ಭಾಷೆಯ ಪುಸ್ತಕಗಳಿಗೆ ಹೆಸರಾದ ಪ್ರಕಾಶನಗಳು. ಗ್ರಂಥಾಲಯದಲ್ಲಿ ಪೂರಾ ಬೆಲ್‌ಪ್ರೇ ಪ್ರಶಸ್ತಿ ಪಡೆದ ಪುಸ್ತಕಗಳನ್ನು ಕೇಳಿ. ಪೋರ್ಟೊ ರಿಕೊದಿಂದ ಬಂದ ಪೂರಾ ಎಂಬಾಕೆ 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಸೇರಿ, ಮಕ್ಕಳಿಗೆ ಎರಡೂ ಭಾಷೆಯಲ್ಲಿ ಕತೆ ಹೇಳಿದರು.

ಓದುವಾಗ ಒಂದು ಸಲಕ್ಕೆ ಒಂದೇ ಭಾಷೆ. ಸಾಲಿಗೊಂದು ಅನುವಾದ ಹೇಳುತ್ತಾ ಹೋದರೆ ಮಗು ಸ್ಪ್ಯಾನಿಷ್ ಕೇಳುವುದನ್ನು ಬಿಟ್ಟು ಇಂಗ್ಲಿಷ್‌ಗೆ ಕಾಯುತ್ತದೆ. ಇನ್ನೊಂದು ಭಾಷೆಯ ಮೇಲೆ ಒಂದು ಹಾಳೆ ಇಟ್ಟುಬಿಡಿ. ಅರ್ಥ ಚಿತ್ರದಲ್ಲಿರುತ್ತದೆ, ಬೆರಳಿಟ್ಟು ತೋರಿಸಿ. ಇವತ್ತು ಸ್ಪ್ಯಾನಿಷ್ ಆದರೆ ನಾಳೆ ಇಂಗ್ಲಿಷ್. ಒಂದೇ ಪುಸ್ತಕವನ್ನು ವಾರವಿಡೀ ಓದಿ. ಮಕ್ಕಳಿಗೆ ಬೇಜಾರಾಗಲ್ಲ, ಬೇಜಾರು ನಮಗೇ. ನಿಮ್ಮ ಉಚ್ಚಾರವನ್ನು ಮಗು ತಿದ್ದಿದರೆ ತಿದ್ದಲಿ, ಆ ಖುಷಿಯನ್ನು ಕಸಿಯಬೇಡಿ.

ಪುಸ್ತಕ ಮುಚ್ಚಿದ ಮೇಲೆ ಮಾತು ಮಾತ್ರ ಕನ್ನಡದಲ್ಲಿ ಇರಲಿ. ಇದನ್ನು ದಯವಿಟ್ಟು ಬಿಡಬೇಡಿ. ಇಂಗ್ಲಿಷ್, ಸ್ಪ್ಯಾನಿಷ್ ಎರಡನ್ನೂ ಶಾಲೆ ನೋಡಿಕೊಳ್ಳುತ್ತದೆ, ಕನ್ನಡಕ್ಕೆ ಅಲ್ಲಿ ನಾವೇ ದಿಕ್ಕು. "ಈ ಅಜ್ಜಿ ಏನು ಲಟ್ಟಿಸ್ತಿದ್ದಾರೆ? ನಮ್ಮಜ್ಜಿ ರೊಟ್ಟಿ ಹೇಗೆ ತಟ್ತಾರೆ?" ಎಂದು ಕೇಳಿ. ಸ್ಪ್ಯಾನಿಷ್‌ನಲ್ಲಿ ವಸ್ತುಗಳಿಗೂ ಗಂಡು, ಹೆಣ್ಣು ಎಂಬ ಭೇದ ಇದೆ. ಚಂದ್ರ 'ಲಾ ಲೂನಾ', ಹೆಣ್ಣು. "ಚಂದಮಾಮ ಮಾಮ ಅಲ್ವಾ?" ಎಂದು ನನ್ನ ಮಗಳು ಕೇಳಿದಳು. ಆ ರಾತ್ರಿ ಇಬ್ಬರೂ ಕಿಟಕಿ ಹತ್ತಿರ ನಿಂತು ಅದನ್ನು ಒಮ್ಮೆ ಮಾಮ ಅಂತ ಕರೆದೆವು, ಒಮ್ಮೆ ಅತ್ತೆ ಅಂತ.